ಹೊಸ್ತಿಲಾಚೆಯ ಹೊಲಸು, ಕೊಡದೊಳಗಿನ ವಿಷ

ಯಾದಗಿರಿ ಜಿಲ್ಲೆಯ ಹುಣಸಗಿಯ ಹೆಸರು ಜಗತ್ತಿನ ಪುರಾತತ್ವ ಪುಸ್ತಕಗಳನ್ನು ಸೇರಿದ್ದು ಇಲ್ಲಿನ ಕೋಟೆಯಿಂದಲ್ಲ, ಗುಡಿಯಿಂದಲ್ಲ. ಕಸದಿಂದ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1960ರ ದಶಕದಲ್ಲಿ ಈ ಸೀಮೆಯ ಹಳ್ಳ, ದಿನ್ನೆಗಳನ್ನು ತಿರುಗಲು ಶುರು ಮಾಡಿ, ಮುಂದೆ ದಶಕಗಳ ಕಾಲ ಇಲ್ಲಿಯೇ ಅಗೆದರು. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಅವರ ಕೈಗೆ ಸಿಕ್ಕಿದ್ದೇನು? ಹಳೆ ಶಿಲಾಯುಗದ ಮಂದಿ ಕೈಗೊಡಲಿ ಕೆತ್ತುವಾಗ ಎಗರಿ ಬಿದ್ದ ಸುಣ್ಣಕಲ್ಲಿನ ಚಕ್ಕೆಗಳು, ಅರ್ಧಕ್ಕೆ ಕೈಬಿಟ್ಟ ಗುಂಡುಗಳು, ತಿಂದು ಬಿಸಾಕಿದ ಪ್ರಾಣಿಗಳ ಹಲ್ಲು. ಊರಿಗೆ ಹತ್ತಿರದ ಇಸಾಂಪುರದಲ್ಲಂತೂ ಕಲ್ಲು ಕೆತ್ತುವ ಇಡೀ ಕಾರ್ಯಾಗಾರವೇ ಸಿಕ್ಕಿತು. ಅಲ್ಲಿನ ಹಲ್ಲುಗಳ ಕಾಲಗಣನೆ ಮಾಡಿದಾಗ ಸುಮಾರು 12 ಲಕ್ಷ ವರ್ಷ ಹಿಂದಿನದೆಂಬ ಅಂದಾಜು ಹೊರಬಂತು. ಭಾರತದಲ್ಲಿ ಮನುಷ್ಯನ ಕೈಚಳಕದ ಅತಿ ಹಳೆಯ ಗುರುತುಗಳಲ್ಲಿ ಇದೂ ಒಂದು. ಆ ಮಂದಿ ಗುಡಿಸದೆ ಹೋದದ್ದು ನಮ್ಮ ಪುಣ್ಯ.

ಇದೇ ಸೀಮೆಯ ಕೊಡೇಕಲ್‌ನಲ್ಲಿ, ಬೂದಿಹಾಳದಲ್ಲಿ ಇನ್ನೊಂದು ಬಗೆಯ ಕಸ ಇದೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕುತ್ತಿದ್ದ ನವಶಿಲಾಯುಗದ ಜನ ಹಟ್ಟಿಯ ಸಗಣಿಯನ್ನು ಗುಡ್ಡೆ ಹಾಕಿ, ಮತ್ತೆ ಮತ್ತೆ ಸುಟ್ಟು ಬೆಳೆಸಿದ ಬೂದಿದಿಬ್ಬಗಳು. ಬಳ್ಳಾರಿ ಕಡೆ ಇಂಥ ದಿಬ್ಬಗಳನ್ನು ರಾಕ್ಷಸನನ್ನು ಸುಟ್ಟ ಬೂದಿ ಎಂದು ಹೇಳುತ್ತಾರೆ. ಇವು ಸುಟ್ಟ ಸಗಣಿ ಎಂಬುದು ಪ್ರಯೋಗಾಲಯದಲ್ಲಿ ಖಚಿತವಾದ ಮೇಲೂ, ಯಾಕೆ ಸುಟ್ಟರು ಎಂಬ ವಾದ ನಿಂತಿಲ್ಲ. ತೆಲಂಗಾಣದ ಉತ್ನೂರಿನ ದಿಬ್ಬವನ್ನು ಅಗೆದ ಬ್ರಿಟಿಷ್ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್, ನಮ್ಮ ಸಂಕ್ರಾಂತಿ ಹೊತ್ತಿನ ಕಿಚ್ಚು ಹಾಯಿಸುವ ಆಚರಣೆಯಂಥದ್ದು ಇದರ ಹಿಂದಿತ್ತೆಂದು ಊಹಿಸಿದರು. ನೊಣ, ಹುಳಗಳ ಕಾಟ ತಾಳಲಾರದೆ ಸುಟ್ಟಿರಬೇಕು ಎನ್ನುವವರೂ ಇದ್ದಾರೆ. ಹಬ್ಬವೋ ಸ್ವಚ್ಛತೆಯೋ ಎಂಬ ಈ ಜಗಳ ನನಗೆ ಖುಷಿ ಕೊಡುತ್ತದೆ. ಯಾಕೆಂದರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಇವೆರಡು ಬೇರೆ ಬೇರೆ ಆಗಿಲ್ಲ.

ಸಗಣಿಯನ್ನೇ ನೋಡಿ. ಪೇಟೆಯಿಂದ ಬಂದ ಹುಡುಗ ಅದನ್ನು ತುಳಿದರೆ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕುಂಟುತ್ತಾನೆ. ಅವನ ಅಜ್ಜಿ ಅದನ್ನೇ ಬರಿಗೈಯಲ್ಲಿ ಎತ್ತಿ, ನೀರಿಗೆ ಕಲಸಿ, ಮುಂಜಾನೆ ಅಂಗಳ ಸಾರಿಸುತ್ತಾಳೆ. ಸಾರಿಸಿದ ನೆಲದ ಮೇಲೆ ರಂಗೋಲಿ ಎಳೆದಾಗಲೇ ಆಕೆಗೆ ಮನೆ ಮನೆಯಾಗುವುದು. ದೀಪಾವಳಿ ಪಾಡ್ಯಕ್ಕೆ ಅದೇ ಸಗಣಿ ಪಾಂಡವರಾಗುತ್ತದೆ. ತಲೆಗೆ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿಕೊಂಡು ಬಾಗಿಲಲ್ಲಿ ಕುಳಿತು ಪೂಜೆ ಪಡೆಯುತ್ತದೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಸಾವಿಗೂ ಹೇಸಿಗೆ ಇರುತ್ತದೆ, ತಿಪ್ಪೆಯಲ್ಲಿದ್ದದ್ದನ್ನು ಅದು ಮುಟ್ಟಲಾರದು ಎಂಬ ಲೆಕ್ಕ. ಯಮನ ಮೂಗಿನ ಮೇಲೆ ಇಷ್ಟು ಭರವಸೆ ಇಟ್ಟವರು ಬೇರೆ ಎಲ್ಲಿಯಾದರೂ ಇದ್ದಾರೋ ಇಲ್ಲವೋ.

ಹೇಸಿಗೆ ವಸ್ತುವಿನಲ್ಲಿ ಇಲ್ಲ, ಅದು ಇರುವ ಜಾಗದಲ್ಲಿದೆ ಎಂಬರ್ಥದ ಮಾತನ್ನು ಇಂಗ್ಲೆಂಡಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಾಸ್ 1966ರ ತಮ್ಮ ಪುಸ್ತಕದಲ್ಲಿ ವಿಸ್ತರಿಸಿ ಬರೆದರು. ಗದ್ದೆಯ ಮಣ್ಣು ಮಣ್ಣು, ಹಾಸಿಗೆಯ ಮೇಲಿನ ಮಣ್ಣು ಹೊಲಸು. ತಲೆಯ ಮೇಲಿನ ಕೂದಲಿಗೆ ಎಣ್ಣೆ ಹಚ್ಚಿ ಹೂ ಮುಡಿಸುತ್ತೇವೆ, ಅದೇ ಕೂದಲು ಸಾರಿನಲ್ಲಿ ಸಿಕ್ಕರೆ ತಟ್ಟೆಯನ್ನೇ ಸರಿಸುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ಕ್ರಿಮಿಯೂ ಉಳಿಯದಂತೆ ಶುದ್ಧ ಮಾಡಿದ ಸತ್ತ ಜಿರಲೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದು ಕುಡಿಯಲು ಕೊಟ್ಟರು. ಅಪಾಯವಿಲ್ಲ ಎಂದು ಗೊತ್ತಿದ್ದೂ ಜನ ಕುಡಿಯಲಿಲ್ಲ. ಜಿರಲೆ ಹೋಗಿತ್ತು, ಆದರೆ ಜಿರಲೆತನ ಲೋಟದಲ್ಲಿ ಉಳಿದಿತ್ತು. ನಮ್ಮ ಅಜ್ಜಿಯರಿಗೆ ಇದನ್ನು ತಿಳಿಯಲು ಪ್ರಯೋಗ ಬೇಕಿರಲಿಲ್ಲ. ಮೈಲಿಗೆಯ ಶಾಸ್ತ್ರ ಪೂರ್ತಿ ಇದೇ ತಾನೆ?

ನನಗೆ ಕಾಡುವ ಪ್ರಶ್ನೆ ಬೇರೆ. ಸ್ವಚ್ಛ ಜಾಗದಲ್ಲಿ ಮನಸ್ಸು ಹಗುರಾಗುವುದು, ಹೊಲಸು ಕಂಡರೆ ಮುಖ ಸಿಂಡರಿಸುವುದು ಎಲ್ಲರಿಗೂ ಸಹಜ. ಆದರೆ ಆ ಮನಸ್ಸು ಎಷ್ಟು ದೂರ ನೋಡುತ್ತದೆ? ಹುಣಸಗಿ ಸೀಮೆಯಲ್ಲಿ ನಿಂತು ನೋಡಿದರೆ, ಅದು ಹೊಸ್ತಿಲು ದಾಟುವುದು ಕಷ್ಟ ಎನಿಸುತ್ತದೆ. ಕಣ್ಣಿಗೂ ಮೂಗಿಗೂ ಸಿಗದ ಹೊಲಸಿನ ಮುಂದಂತೂ ಅದು ಕುರುಡು.

ಕೆನಾಲ್ ದಂಡೆಯ ಒಗ್ಯಾಣ

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂದಂತೆ ಈ ಭಾಗದ ಊರುಗಳಲ್ಲಿ ಒಂದು ಗದ್ದಲ ಎದ್ದೇಳುತ್ತದೆ. ಮನೆಯ ಅಟ್ಟದಿಂದ ಹಂಡೆ ಇಳಿಯುತ್ತವೆ, ಗೋಡೆಗೆ ಸುಣ್ಣ ಏರುತ್ತದೆ, ಮೂಲೆಯಲ್ಲಿ ಒಂದು ವರ್ಷ ಮಲಗಿದ್ದ ಕೌದಿ, ಜಮಖಾನ, ಚಾದರಗಳೆಲ್ಲ ಗಂಟಾಗುತ್ತವೆ. ಗಂಟುಗಳು ಟ್ರ್ಯಾಕ್ಟರ್ ಟ್ರೇಲರ್ ಏರುತ್ತವೆ, ಟಂಟಂ ಏರುತ್ತವೆ, ಏನೂ ಇಲ್ಲದವರ ತಲೆ ಏರುತ್ತವೆ. ಹೋಗುವುದೆಲ್ಲ ಕೆನಾಲಿಗೆ, ಒಗ್ಯಾಣಕ್ಕೆ, ಅಂದರೆ ಒಗೆಯಲಿಕ್ಕೆ.

ಈ ಕೆನಾಲ್ ನಾರಾಯಣಪುರ ಎಡದಂಡೆ ಕಾಲುವೆಯ ಕೂಸು. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಜಲಾಶಯ ಎದ್ದು ನಿಂತದ್ದು 1982ರಲ್ಲಿ. ಹತ್ತು ಕಿಲೋಮೀಟರಿಗೂ ಉದ್ದದ ಒಡ್ಡು ಅದು. ಅದಕ್ಕೂ ಮುಂಚೆ ಮಳೆ ನೋಡಿ ಜೋಳ, ತೊಗರಿ ಬಿತ್ತುತ್ತಿದ್ದ ಎರೆಭೂಮಿಗೆ ಕಾಲುವೆ ನೀರು ಬಂದದ್ದೇ ಭತ್ತ ಬಂತು, ಭತ್ತದ ಬೆನ್ನಿಗೆ ಆಂಧ್ರದ ರೈತರ ಕ್ಯಾಂಪುಗಳು ಬಂದವು. ಒಗ್ಯಾಣಕ್ಕೆ ಹಳ್ಳದ ಗುಂಡಿ ಹುಡುಕುತ್ತಿದ್ದ ಹೆಣ್ಣುಮಕ್ಕಳಿಗೆ ಊರ ಪಕ್ಕದಲ್ಲೇ ಹರಿಯುವ ನೀರು ಸಿಕ್ಕಿತು. ಬೇಸಿಗೆಯಲ್ಲಿ ಬತ್ತಿ ಬಿರುಕು ಬಿಟ್ಟ ಕೆನಾಲಿಗೆ ಮಳೆಗಾಲದಲ್ಲಿ ನೀರು ಬಿಟ್ಟ ಸುದ್ದಿ ತಿಳಿದರೆ ಮಂದಿ ನೋಡಲಿಕ್ಕೇ ಹೋಗಿ ನಿಲ್ಲುತ್ತಾರೆ. ಸುಮ್ಮನೆ ನಿಲ್ಲುವುದು, ಅಷ್ಟೇ. ಪ್ರಕೃತಿ ಕಣ್ಣಿಗೆ ಬೀಳುವುದೇ ಮದ್ದು ಎನ್ನುವವರಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆ ತೆಗೆದು ನೋಡಿದ ಸಂಶೋಧಕ ರೋಜರ್ ಉಲ್ರಿಚ್, ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದ ರೋಗಿಗಳಿಗಿಂತ ಹೆಚ್ಚುಕಡಿಮೆ ಒಂದು ದಿನ ಮುಂಚೆ ಮನೆಗೆ ಹೋದರೆಂದು 1984ರಲ್ಲಿ ಬರೆದರು. ನಾರಾಯಣಪುರ ಗೇಟು ಎತ್ತಿದ ದಿನ ಅಲ್ಲಿ ಸೇರುವ ಜಾತ್ರೆ ನೋಡಿದವರು ಅದನ್ನು ಪ್ರಶ್ನಿಸಲಾರರು.

ಒಗ್ಯಾಣದ ದಿನಕ್ಕೆ ಬರೋಣ. ಕೌದಿ ನೀರು ಕುಡಿದರೆ ಎಮ್ಮೆಯಷ್ಟು ಭಾರ. ಒಬ್ಬಳಿಂದ ಎತ್ತಲಾಗದು, ಅತ್ತೆ ಒಂದು ತುದಿ, ಸೊಸೆ ಒಂದು ತುದಿ ಹಿಡಿದು ತಿರುವುತ್ತಾರೆ. ವರ್ಷವಿಡೀ ಎದುರುಬದುರು ಮಾತಾಡದ ಓರಗಿತ್ತಿಯರು ಕೂಡ ಆ ಹೊತ್ತಿಗೆ ಕೈ ಕೂಡಿಸುತ್ತಾರೆ. ಹುಡುಗರು ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿಕೊಂಡು ಧುಮುಕುತ್ತಾರೆ. ಮಧ್ಯಾಹ್ನಕ್ಕೆ ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಿಸಿಲಿಗೆ ದಂಡೆಯುದ್ದಕ್ಕೂ ಹರಡಿದ ಕೌದಿಗಳ ಬಣ್ಣ ಕಂಡರೆ ಎಂಥವನ ಮನಸ್ಸೂ ಅರಳಬೇಕು. ಸಂಜೆ ಒಣಗಿದ ಹಾಸಿಗೆ ಮಡಚುವಾಗ ಅವರ ಮುಖದಲ್ಲಿ ಕಾಣುವ ದಣಿವು ಸಂತೋಷದ ದಣಿವು.

ಅವರು ಹೋದ ಮೇಲೆ ದಂಡೆಯಲ್ಲಿ ಉಳಿಯುವುದು ಸೋಪಿನ ಪುಡಿಯ ಚೀಟಿಗಳು, ಗುಟ್ಕಾ ಚೀಟಿ, ಹರಿದ ಚಪ್ಪಲಿ, ದೇವರ ಜಗಲಿಯಿಂದ ಇಳಿದ ಹಳೆಯ ಫೋಟೊಗಳು. ತುಸು ಮೇಲೆ ಗದ್ದೆಯ ಬದಿಯಲ್ಲಿ ‘ಎಣ್ಣಿ’ ಹೊಡೆದು ಬಿಸಾಕಿದ ಔಷಧದ ಬಾಟಲಿಗಳು. ಕೆಳಗಿನ ಊರಿನವರು ಇದೇ ನೀರು ತುಂಬಿಕೊಳ್ಳುತ್ತಾರಲ್ಲ ಎಂದು ಕೇಳಿದರೆ ನೊರೆ ತೊಳೆದುಕೊಳ್ಳುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರು ನಕ್ಕುಬಿಟ್ಟರು: “ಹರಿಯೋ ನೀರಿಗಿ ಎಲ್ಲಿ ಮೈಲಿಗಿರಿ ಯಪ್ಪಾ? ಗಂಗವ್ವ ಎಲ್ಲಾ ತೊಳಕೊಂಡು ಹೋಗ್ತಾಳ.” ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಅಜ್ಜಿಯ ಕಾಲದಲ್ಲಿ ಒಗ್ಯಾಣಕ್ಕೆ ಬಳಸುತ್ತಿದ್ದದ್ದು ಸವಳು ಮಣ್ಣು, ಬೂದಿ, ಅಂಟವಾಳ ಕಾಯಿ. ಹಳ್ಳ ಅವನ್ನು ನಿಜವಾಗಿಯೂ ತೊಳೆದುಕೊಂಡು ಹೋಗುತ್ತಿತ್ತು. ನಂಬಿಕೆ ಹಾಗೆಯೇ ಉಳಿಯಿತು, ಗಂಟಿನೊಳಗಿನ ಸಾಮಾನು ಬದಲಾಯಿತು. ಹಬ್ಬಕ್ಕೆ ಮನೆ ಸ್ವಚ್ಛವಾಗಬೇಕು ಎಂಬ ಆ ಹುರುಪಿನಲ್ಲೇ ಕೆನಾಲ್ ಹೊಲಸಾಗುತ್ತದೆ. ಇಲ್ಲಿ ಹೊಲಸು ಮಾಡುವವರು ಸೋಮಾರಿಗಳಲ್ಲ, ಊರಿನಲ್ಲೇ ಅತಿ ಸ್ವಚ್ಛ ಮನೆ ಇಟ್ಟವರು. ಕಸದ ಬಗ್ಗೆ ಭಾಷಣ ಮಾಡುವವರಿಗೆ ಈ ಸಂಗತಿ ಗೊತ್ತಿರುವುದಿಲ್ಲ. ಅದಕ್ಕೇ ಅವರ ಮಾತು ಯಾರ ಕಿವಿಗೂ ಇಳಿಯುವುದಿಲ್ಲ.

ದಿನದ ಕಸದ ಕಥೆಯೂ ಇದೇ. ನಸುಕಿನಲ್ಲಿ ಮನೆ ಮುಂದೆ ಕಸ ಹೊಡೆಯುವ ಸದ್ದು ಕೇಳಿ. ಪೊರಕೆ ಅಂಗಳದ ಗಡಿ ತನಕ ಬಂದು, ಅಲ್ಲಿಂದ ಒಂದೇ ಎಳೆತಕ್ಕೆ ಎಲ್ಲವನ್ನೂ ಗಟಾರಕ್ಕೆ ನೂಕಿ ಹಿಂದಿರುಗುತ್ತದೆ. ಗಟಾರ ಯಾರದು? ಪಂಚಾಯತಿಯದು. 2018ರಲ್ಲಿ ಹುಣಸಗಿ ಸುರಪುರದಿಂದ ಬೇರೆಯಾಗಿ ತಾಲ್ಲೂಕಾಯಿತು. ಕಚೇರಿಗಳು ಬಂದವು, ಅಂಗಡಿಗಳು ಹೆಚ್ಚಿದವು, ಕಸವೂ ಬೆಳೆಯಿತು. ಮೊದಲು ಮನೆಯ ಕಸ ಎಂದರೆ ಬೂದಿ, ಸೊಪ್ಪು, ಸಿಪ್ಪೆ, ದಂಟು. ತಿಪ್ಪೆಗೆ ಹೋಗಿ ಗೊಬ್ಬರವಾಗಿ ಹೊಲಕ್ಕೆ ತಿರುಗಿ ಬರುತ್ತಿತ್ತು. ತಿಪ್ಪೆಗೆ ಒಡೆಯನಿದ್ದ, ಅದರ ಮೇಲೆ ಜಗಳ, ಪಂಚಾಯಿತಿ ನಡೆಯುತ್ತಿದ್ದವು. ಈಗಿನ ಕಸಕ್ಕೆ ಒಡೆಯನಿಲ್ಲ. ಬೇಕಾದದ್ದಕ್ಕೆ ಜಗಳವಾಡುತ್ತೇವೆ, ಬೇಡವಾದದ್ದಕ್ಕೆ ಬರೀ ಮೂಗು ಮುಚ್ಚುತ್ತೇವೆ.

ಹೊಲಸು ಹೊಲಸನ್ನು ಕರೆಯುತ್ತದೆ ಎಂಬುದಕ್ಕೆ ನೆದರ್ಲೆಂಡ್ಸಿನ ಗ್ರೋನಿಂಗನ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು, 2008ರಲ್ಲಿ ಪ್ರಕಟವಾಯಿತು. ಸೈಕಲ್ ನಿಲ್ಲಿಸುವ ಓಣಿಯಲ್ಲಿ ಹ್ಯಾಂಡಲಿಗೆ ಒಂದೊಂದು ಜಾಹೀರಾತು ಚೀಟಿ ಕಟ್ಟಿದರು. ಗೋಡೆ ಸ್ವಚ್ಛವಿದ್ದಾಗ ನೂರಕ್ಕೆ 33 ಮಂದಿ ಆ ಚೀಟಿಯನ್ನು ನೆಲಕ್ಕೆ ಬಿಸಾಕಿದರು. ಗೋಡೆಗೆ ಬೇಕಾಬಿಟ್ಟಿ ಗೀಚಿಟ್ಟಾಗ 69 ಮಂದಿ. ಇನ್ನೊಂದು ಕಡೆ ಟಪಾಲು ಡಬ್ಬಿಯಿಂದ ಐದು ಯೂರೊ ನೋಟು ಕಾಣುವಂತೆ ಲಕೋಟೆ ಇಣುಕಿಸಿಟ್ಟರು. ಡಬ್ಬಿ ಸ್ವಚ್ಛವಿದ್ದಾಗ ಕದ್ದವರು ನೂರಕ್ಕೆ 13, ಗೀಚಿದ್ದಾಗ 27. ಸುತ್ತ ಹೊಲಸಿದ್ದರೆ ಮನಸ್ಸಿನ ಲಗಾಮು ಸಡಿಲವಾಗುತ್ತದೆ ಎಂದಾಯಿತು. ನಮ್ಮ ಬಸ್ ನಿಲ್ದಾಣಗಳ ಮೂಲೆಗಳನ್ನು ನೋಡಿದರೆ ಇದಕ್ಕೆ ಡಚ್ಚರ ಸಾಕ್ಷಿ ಬೇಕಿಲ್ಲ. ಒಂದು ಎಲೆಅಡಿಕೆಯ ಉಗುಳು ಬಿದ್ದ ಗೋಡೆ ತಿಂಗಳೊಪ್ಪತ್ತಿನಲ್ಲಿ ಕೆಂಪಾಗುತ್ತದೆ. ನಮ್ಮವರು ಇದಕ್ಕೆ ಕಂಡುಕೊಂಡ ಉಪಾಯ ಸರ್ವಧರ್ಮದ ದೇವರ ಟೈಲ್ಸ್. ಸಾಲಾಗಿ ಗಣಪತಿ, ಕಾಬಾ, ಶಿಲುಬೆ ಅಂಟಿಸಿದ ಗೋಡೆಗೆ ಯಾರೂ ಉಚ್ಚೆ ಹೊಯ್ಯುವುದಿಲ್ಲ. ಟೈಲ್ಸ್ ಮುಗಿದ ಕಡೆಯಿಂದ ಶುರು ಮಾಡುತ್ತಾರೆ, ಅಷ್ಟೇ. ಬೆಂಗಳೂರಿನಲ್ಲಿ 2010ರಿಂದ ‘ದಿ ಅಗ್ಲಿ ಇಂಡಿಯನ್’ ಎಂಬ ಹೆಸರು ಹೇಳಿಕೊಳ್ಳದ ಗುಂಪು ಭಾಷಣ ಬಿಟ್ಟು, ಕಸ ಬೀಳುವ ಮೂಲೆಗೆ ಬಣ್ಣ ಬಳಿದು ಕುಂಡ ಇಟ್ಟು ನೋಡಿತು. ದೇವರಿಗಿಂತ ಇದು ಮೇಲು ಎನಿಸುತ್ತದೆ. ಆದರೆ ಕುಂಡಕ್ಕೆ ನೀರು ಹಾಕುವವರು ಬೇಕು.

ಇನ್ನು ಮೂಗು. ಅದು ದೊಡ್ಡ ಮೋಸಗಾರ. ಒಂದೇ ನಾತದಲ್ಲಿ ಸ್ವಲ್ಪ ಹೊತ್ತು ಕೂತರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಗಟಾರದ ಪಕ್ಕದ ಚಹಾದಂಗಡಿಯವನಿಗೆ ನಾತ ಬಡಿಯುವುದಿಲ್ಲ, ಹೊಸದಾಗಿ ಬಂದ ಗಿರಾಕಿಗೆ ಬಡಿಯುತ್ತದೆ. ಹೀಗಾಗಿ ನಮ್ಮ ಊರಿನ ಹೊಲಸು ನಮಗೆ ಕಾಣುವುದು ಬೇರೆಯವರ ಕಣ್ಣಿನಿಂದ. ಕನ್ಯೆ ನೋಡಲು ಬೀಗರು ಬರುವ ದಿನ ಇಡೀ ಓಣಿ ಗುಡಿಸಿರುತ್ತದೆ. ಸಾಹೇಬರು ಬರುವ ದಿನ ರಸ್ತೆಯ ಎರಡೂ ಬದಿ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆದಿರುತ್ತದೆ, ಆ ವಾಸನೆಯೇ ಸರ್ಕಾರಿ ಸ್ವಚ್ಛತೆಯ ಪುರಾವೆ. ಬೀಗರು ಹೋದ ಮಾರನೆ ದಿನ ಎಲ್ಲ ಎಂದಿನಂತೆ.

ನಾಚಿಕೆಯ ಸಿಳ್ಳೆ

ಬಯಲಿಗೆ ಹೋಗುವ ವಿಷಯ ಬಂದರೆ ಈ ಕಗ್ಗಂಟು ಇನ್ನೂ ಬಿಗಿಯಾಗುತ್ತದೆ. ಹೊರಗಿನವರಿಗೆ ತಂಬಿಗೆ ಹಿಡಿದು ಹೊರಟವರು ಕೊಳಕರು ಎನಿಸುತ್ತದೆ. ತಂಬಿಗೆ ಹಿಡಿದವರ ಮನಸ್ಸಿನಲ್ಲಿ ಇರುವುದು ತದ್ವಿರುದ್ಧ: ಅಡುಗೆಮನೆ, ದೇವರಮನೆ ಇರುವ ಸೂರಿನಡಿಯಲ್ಲೇ ಆ ಗುಂಡಿ ಇಡುವುದು ಹೇಸಿಗೆ, ದೂರ ಹೋಗಿ ಬರುವುದೇ ಶುಚಿ. ಡಯಾನ್ ಕಾಫಿ, ಡೀನ್ ಸ್ಪಿಯರ್ಸ್ ಎಂಬ ಇಬ್ಬರು ಸಂಶೋಧಕರು ಉತ್ತರ ಭಾರತದ ಹಳ್ಳಿಗಳಲ್ಲಿ ಕೆಲಸ ಮಾಡಿ 2017ರಲ್ಲಿ ಬರೆದ ಪುಸ್ತಕದಲ್ಲಿ, ಶೌಚಾಲಯ ಕಟ್ಟಿಕೊಟ್ಟರೂ ಜನ ಬಳಸದೆ ಇರಲು ಬಡತನಕ್ಕಿಂತ ಮಡಿ–ಮೈಲಿಗೆಯ ಭಾವ ಹೆಚ್ಚು ಕಾರಣ ಎಂದು ವಾದಿಸಿದರು. ಗುಂಡಿ ತುಂಬಿದರೆ ಬಳಿಯುವವರು ಯಾರು ಎಂಬ ಹೆದರಿಕೆ ಅದರ ತಳದಲ್ಲಿದೆ. ಎರಡು ಗುಂಡಿಯ ಶೌಚಾಲಯದಲ್ಲಿ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಒಂದು ವರ್ಷ ಮುಚ್ಚಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರದ ಪುಡಿಯಾಗುತ್ತದೆ. ಸಗಣಿಯಿಂದ ದೇವರು ಮಾಡಿದ ಕೈ ಅದನ್ನು ಮುಟ್ಟುವುದಿಲ್ಲ. ಮುಟ್ಟು ಎಂದು ಹೇಳುವ ಧೈರ್ಯ ನನಗೂ ಇಲ್ಲ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಕೋಟಿಗಟ್ಟಲೆ ಶೌಚಾಲಯ ಎದ್ದವು. ಅದರ ಜೊತೆ ಇನ್ನೊಂದು ಅಸ್ತ್ರವೂ ಹಳ್ಳಿ ಸೇರಿತು: ನಾಚಿಕೆ. ಇದರ ಬೀಜ ಬಾಂಗ್ಲಾದೇಶದ್ದು. 2000ದ ಆಸುಪಾಸಿನಲ್ಲಿ ಕಮಲ್ ಕರ್ ಎಂಬುವವರು ಅಲ್ಲಿನ ರಾಜಶಾಹಿ ಭಾಗದ ಹಳ್ಳಿಯಲ್ಲಿ, ಜನರನ್ನು ಅವರದೇ ಬಯಲಿಗೆ ಕರೆದೊಯ್ದು ತೋರಿಸಿ, ಅವರ ಹೇಸಿಗೆಯನ್ನೇ ಕೆರಳಿಸಿ, ಅವರೇ ಗುಂಡಿ ತೋಡುವಂತೆ ಮಾಡಿದರು. ಈ ವಿಧಾನದ ಒಂದು ಆಟ ಪ್ರಸಿದ್ಧ. ಲೋಟದಲ್ಲಿ ನೀರು ಕೊಟ್ಟು ಕುಡಿಯಿರಿ ಎನ್ನುವುದು, ಆಮೇಲೆ ಒಂದು ಕೂದಲನ್ನು ಮಲಕ್ಕೆ ತಾಗಿಸಿ ಆ ನೀರಿಗೆ ಅದ್ದಿ ಈಗ ಕುಡಿಯಿರಿ ಎನ್ನುವುದು. ಯಾರೂ ಕುಡಿಯುವುದಿಲ್ಲ. ನೊಣದ ಕಾಲು ಆ ಕೂದಲಿಗಿಂತ ದಪ್ಪವಿಲ್ಲವೇ ಎಂದು ಕೇಳಿದರೆ ಸಭೆ ಮೌನವಾಗುತ್ತದೆ. ಇಲ್ಲಿಯ ತನಕ ಚೆಂದ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ನಸುಕಿನಲ್ಲಿ ಸಿಳ್ಳೆ ಹೊಡೆದು ಓಡಿಸುವುದಾಯಿತು, ಟಾರ್ಚ್ ಬಿಡುವುದಾಯಿತು. ಕತ್ತಲಿರುವಾಗಲೇ ಹೋಗಿ ಬಂದು, ಮತ್ತೆ ಕತ್ತಲಾಗುವ ತನಕ ತಡೆದುಕೊಂಡಿರುವ ಹೆಣ್ಣುಮಕ್ಕಳಿಗೆ ನಾಚಿಕೆಯ ಪಾಠ ಹೇಳುವವರಿಗೆ ನಾಚಿಕೆ ಇರಬೇಕಿತ್ತು. ಹೇಸಿಗೆ ಎಂಬುದು ಕೆಲಸ ಮಾಡಬಲ್ಲದು, ಆದರೆ ಮನುಷ್ಯ ತನ್ನ ಬಗ್ಗೆ ತಾನೇ ಹೇಸಿದಾಗ ಮಾತ್ರ. ಬೇರೆಯವನು ನಿನ್ನ ಕಂಡು ಹೇಸುತ್ತಾನೆ ಎಂದು ತಿಳಿದರೆ ಹುಟ್ಟುವುದು ಸಿಟ್ಟು.

ಆ ಸಿಟ್ಟು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಹಾವೇರಿ ಜಿಲ್ಲೆಯ ಸವಣೂರು 2010ರ ಜುಲೈನಲ್ಲಿ ಕಂಡಿತು. ತಲೆಮಾರುಗಳಿಂದ ಊರಿನ ಮಲ ಎತ್ತುತ್ತಿದ್ದ ಭಂಗಿ ಸಮುದಾಯದವರನ್ನು ಅವರಿದ್ದ ಜಾಗದಿಂದ ಎಬ್ಬಿಸುವ ಮಾತು ಬಂದಾಗ, ಯಾರೂ ಅಹವಾಲು ಕೇಳದೆ ಹೋದಾಗ, ಅವರು ಪುರಸಭೆಯ ಮುಂದೆ ಮಲವನ್ನೇ ಮೈಮೇಲೆ ಸುರಿದುಕೊಂಡು ನಿಂತರು. ದೇಶವೆಲ್ಲ ಆ ಚಿತ್ರ ನೋಡಿ ಬೆಚ್ಚಿತು. ಮಲ ಹೊರುವ ಪದ್ಧತಿಯನ್ನು ಎಪ್ಪತ್ತರ ದಶಕದಲ್ಲೇ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದ್ದರು. ಕೇಂದ್ರದ ಕಾನೂನು 1993ರಲ್ಲಿ ಬಂತು, ಮತ್ತೊಂದು 2013ರಲ್ಲಿ. ಸವಣೂರಿನ ಘಟನೆ ನಡೆದದ್ದು ಇವೆರಡರ ನಡುವೆ. ನೋಡಿದವರಿಗೆ ಬಂದ ವಾಕರಿಕೆ ಯಾವುದರ ಮೇಲಿತ್ತು? ಆ ಮಲ ಅವರದಲ್ಲ, ಊರಿನದು. ಅವರು ದಿನಾ ತಲೆಯ ಮೇಲೆ ಹೊರುತ್ತಿದ್ದಾಗ ಬಾರದ ವಾಕರಿಕೆ ಮೈಮೇಲೆ ಸುರಿದುಕೊಂಡಾಗ ಬಂತು. ಹೇಸಿಗೆ ವಸ್ತುವಿನ ಮೇಲಿಂದ ಜಾರಿ ಅದನ್ನು ಎತ್ತುವ ಮನುಷ್ಯನ ಮೇಲೆ ಕೂರುವುದು ನಮ್ಮ ನಾಡಿನ ಹಳೆಯ ಕಾಯಿಲೆ. ಈಗ ಪೌರಕಾರ್ಮಿಕರಿಗೆ ಕೈಗವಸು, ಬೂಟು ಕೊಡಬೇಕೆಂಬ ನಿಯಮವಿದೆ, ಸೆಪ್ಟೆಂಬರ್ 23ಕ್ಕೆ ಅವರ ದಿನಾಚರಣೆ ಇದೆ, ಶಾಲು ಹೊದಿಸುವುದಿದೆ. ಶಾಲು ಹೊದಿಸಿದ ಕೈ ಅವರಿಗೆ ಮನೆಯ ಲೋಟದಲ್ಲಿ ನೀರು ಕೊಡುತ್ತದೆಯೇ ಎಂದು ಕೇಳಿ ನೋಡಬೇಕು.

ಕಾಣದ್ದು

ಇಷ್ಟು ಹೊತ್ತು ಕಣ್ಣಿಗೆ ಕಾಣುವ, ಮೂಗಿಗೆ ಬಡಿಯುವ ಹೊಲಸಿನ ಮಾತಾಯಿತು. ಈ ಸೀಮೆಯ ನಿಜವಾದ ಗಂಡಾಂತರ ಇರುವುದು ಬೇರೆ ಕಡೆ. ಅಲ್ಲಿಗೆ ಹೋಗುವ ಮುನ್ನ ಮೂಗಿನ ಇನ್ನೊಂದು ಮೋಸ ನೋಡೋಣ.

ಮೊದಲ ಮಳೆ ಬಿದ್ದಾಗ ಎರೆ ಹೊಲದಿಂದ ಏಳುವ ವಾಸನೆಗೆ ಮಾರುಹೋಗದವರಿಲ್ಲ. ಆ ವಾಸನೆಯ ಮುಖ್ಯ ಪಾಲು ಜಿಯೋಸ್ಮಿನ್ ಎಂಬ ರಾಸಾಯನಿಕದ್ದು, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ಮನುಷ್ಯನ ಮೂಗು ಅದನ್ನು ಹಿಡಿಯುವಷ್ಟು ಚುರುಕಾಗಿ ಬೇರೆ ವಾಸನೆಗಳನ್ನು ಹಿಡಿಯುವುದು ಅಪರೂಪ. ಲಕ್ಷ ಕೋಟಿ ಪಾಲಿನಲ್ಲಿ ಐದಾರು ಪಾಲು ಇದ್ದರೆ ಸಾಕು. ಉತ್ತರ ಪ್ರದೇಶದ ಕನೌಜಿನಲ್ಲಿ ಈ ವಾಸನೆಯನ್ನು ಅತ್ತರು ಮಾಡಿ ಶೀಶೆಗೆ ಇಳಿಸುತ್ತಾರೆ. ಆದರೆ ಜಲಾಶಯದಲ್ಲಿ ಪಾಚಿ ಹೆಚ್ಚಾಗಿ ಅದೇ ಜಿಯೋಸ್ಮಿನ್ ನಳದ ನೀರಿನಲ್ಲಿ ಬಂದರೆ? “ನೀರು ಮಣ್ಣು ವಾಸನಿ ಹೊಡಿಲಿಕ್ಕತ್ತದ” ಎಂದು ಕೊಡ ಚೆಲ್ಲುತ್ತೇವೆ, ಪಂಚಾಯತಿಗೆ ಫೋನು ಮಾಡುತ್ತೇವೆ. ಹೊಲದಲ್ಲಿ ಸುಗಂಧ, ಕೊಡದಲ್ಲಿ ದುರ್ಗಂಧ. ತಮಾಷೆ ಎಂದರೆ ಎರಡು ಕಡೆಯೂ ಅದು ಯಾರಿಗೂ ಏನೂ ಮಾಡುವುದಿಲ್ಲ.

ಇನ್ನೊಂದು ನೀರಿದೆ. ತಣ್ಣಗೆ, ತಿಳಿಯಾಗಿ, ವಾಸನೆಯಿಲ್ಲದೆ ಹ್ಯಾಂಡ್‌ಪಂಪಿನಿಂದ ಬರುತ್ತದೆ. ಸುರಪುರ ಸೀಮೆಯ ಮಂಗಳೂರು ಎಂಬ ಊರಿನ ಬಳಿ ಹಿಂದೆ ಚಿನ್ನದ ಗಣಿ ಇತ್ತು. ಆ ಗಣಿ ಮುಚ್ಚಿದೆ, ಆದರೆ ಚಿನ್ನದ ಜೊತೆ ಅದೇ ಬಂಡೆಯಲ್ಲಿ ಇರುವ ಆರ್ಸೆನಿಕ್ ಎಲ್ಲಿಗೂ ಹೋಗಿಲ್ಲ. ಆ ಭಾಗದ ಕಿರದಳ್ಳಿ ತಾಂಡಾದ ಜನ ಕುಡಿಯುತ್ತಿದ್ದ ಅಂತರ್ಜಲದಲ್ಲಿ ಆರ್ಸೆನಿಕ್ ಮಿತಿ ಮೀರಿದೆ, ಅವರ ಚರ್ಮದಲ್ಲಿ ಅದರ ಗುರುತುಗಳಿವೆ ಎಂದು ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಂದು ಲೀಟರಿಗೆ 10 ಮೈಕ್ರೋಗ್ರಾಂ. ಅದನ್ನು ಎಷ್ಟೋ ಪಟ್ಟು ಮೀರಿದರೂ ನೀರಿನ ಬಣ್ಣ ಬದಲಾಗದು, ರುಚಿ ಕೆಡದು, ಕುದಿಸಿದರೂ ಹೋಗದು. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ, ಅಂಗಾಲು ಒರಟಾಗಿ ಗಂಟು ಕಟ್ಟುತ್ತವೆ, ಮೈಮೇಲೆ ಮಳೆಹನಿ ಬಿದ್ದ ಧೂಳಿನಂಥ ಚುಕ್ಕೆ ಮೂಡುತ್ತವೆ, ಕೆಲವರಿಗೆ ಅದು ಕ್ಯಾನ್ಸರ್ ತನಕ ಹೋಗುತ್ತದೆ.

ಆಗ ಹೇಸಿಗೆ ಏಳುತ್ತದೆ. ನೀರಿನ ಮೇಲಲ್ಲ, ಆ ಮೈಯ ಮೇಲೆ. ಆರ್ಸೆನಿಕ್ ಪೀಡಿತ ಬಂಗಾಳದ ಹಳ್ಳಿಗಳಲ್ಲಿ ಚುಕ್ಕೆ ಬಿದ್ದವರನ್ನು ಕುಷ್ಠವೆಂದು ದೂರ ಇಟ್ಟದ್ದು, ಹೆಣ್ಣುಮಕ್ಕಳ ಮದುವೆ ಮುರಿದದ್ದು ದಾಖಲಾಗಿದೆ. ಚುಕ್ಕೆ ಮೂಡಿಸಿದ ಕೊಳವೆಬಾವಿಯ ಮುಂದೆ ಮಾತ್ರ ಎಂದಿನಂತೆ ಕೊಡಗಳ ಸಾಲು. ಯಾದಗಿರಿ ಜಿಲ್ಲೆಯ ಎಷ್ಟೋ ಊರುಗಳ ಫ್ಲೋರೈಡ್ ನೀರಿಗೂ ಇದೇ ಸ್ವಭಾವ. ಮಕ್ಕಳ ಹಲ್ಲು ಕಂದಾದ ಮೇಲೆ ನಗಲು ಅವರಿಗೆ ನಾಚಿಕೆ, ನೀರಿಗೆ ಯಾವ ನಾಚಿಕೆಯೂ ಇಲ್ಲ. ಅದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದವು, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಘಟಕ ಕೆಟ್ಟು ನಿಂತ ದಿನ ಮಂದಿ ಮತ್ತೆ ಹ್ಯಾಂಡ್‌ಪಂಪಿಗೆ ಹೋಗುತ್ತಾರೆ. ಹೋಗದೆ ಏನು ಮಾಡಿಯಾರು? ಗಟಾರದ ನೀರು ತುಂಬಿಕೊಳ್ಳಿ ಎಂದರೆ ಸತ್ತರೂ ತುಂಬಿಕೊಳ್ಳದ ಹೆಂಗಸು ಇದನ್ನು ಸೆರಗಿನಿಂದ ಸೋಸಿ ಮಗುವಿಗೆ ಕುಡಿಸುತ್ತಾಳೆ. ಅವಳ ಮನಸ್ಸು ಅವಳಿಗೆ ಎಚ್ಚರಿಕೆ ಕೊಡುವುದಿಲ್ಲ, ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಬೇಕೆಂಬ ಯೋಜನೆ ಇದೆ. ಒಂದೆರಡು ಹನಿ ಹಾಕಿ ಅಲುಗಾಡಿಸಿದರೆ ನೀರು ಬಣ್ಣ ತಿರುಗುತ್ತದೆ. ಆ ಬಣ್ಣವನ್ನು ಚಾರ್ಟಿನ ಪಕ್ಕ ಹಿಡಿದು ನೋಡುವುದು. ನನಗೆ ಇದು ಸಿಮೆಂಟು ಕಟ್ಟಡಗಳಿಗಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ. ಕಾಣದ್ದನ್ನು ಕಣ್ಣಿಗೆ ತೋರಿಸಿದರೆ ಮಾತ್ರ ಹೇಸಿಗೆ ತನ್ನ ಕೆಲಸಕ್ಕೆ ಇಳಿಯುತ್ತದೆ. ಬಾಂಗ್ಲಾದೇಶದಲ್ಲಿ ಲಕ್ಷಾಂತರ ಕೊಳವೆಬಾವಿಗಳ ನೀರು ಪರೀಕ್ಷಿಸಿ, ಆರ್ಸೆನಿಕ್ ಇದ್ದ ಪಂಪುಗಳಿಗೆ ಕೆಂಪು ಬಣ್ಣ, ಇಲ್ಲದವಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ತಿಳಿಯಿತು. ಹೊಸ ಘಟಕವಿಲ್ಲ, ಪೈಪಿಲ್ಲ, ಬರೀ ಬಣ್ಣ. ತಮ್ಮ ಪಂಪು ಕೆಟ್ಟದ್ದೆಂದು ತಿಳಿದ ಮನೆಗಳಲ್ಲಿ ಬಹಳಷ್ಟು ಮಂದಿ ದೂರದ ಹಸಿರು ಪಂಪಿಗೆ ನಡೆಯಲು ಶುರು ಮಾಡಿದರೆಂದು ಅಲ್ಲಿನ ಅಧ್ಯಯನಗಳು ಹೇಳುತ್ತವೆ. ನೆರೆಯವನ ಅಂಗಳದ ಪಂಪಿಗೆ ಹೋಗಿ ನೀರು ಕೇಳುವುದು ಅಲ್ಲಿಯೂ ಸುಲಭದ ಮಾತಾಗಿರಲಿಲ್ಲ, ಆದರೂ ಹೋದರು. ಬಿಸಿಲು, ಮಳೆಗೆ ಆ ಬಣ್ಣ ಕೆಲವು ವರ್ಷಗಳಲ್ಲಿ ಉದುರಿತು, ಹೊಸದಾಗಿ ಕೊರೆದ ಬಹಳಷ್ಟು ಬಾವಿಗಳಿಗೆ ಬಣ್ಣವೇ ಬೀಳಲಿಲ್ಲ. ಮತ್ತೊಮ್ಮೆ ಡಬ್ಬಿ, ಕುಂಚ ಹಿಡಿದು ಊರೂರು ತಿರುಗುವವರು ಬೇಕು.